ಯಸೊಕಿಚಿ ಮುಟ್ಟಿದ ಕೋವಿ

ಅಂಗಡಿಯವನ ಕಣ್ಣಿನಿಂದ ನೋಡಿದರೆ ಯಸೊಕಿಚಿ ಲಾಭದ ಸರಕಲ್ಲ. ಕುಳ್ಳ, ಸೊಟ್ಟಗಾಲು. ಎಡಗಿವಿ ಅರ್ಧವೇ ಇದೆ, ಉಳಿದರ್ಧವನ್ನು ಕರಡಿ ಇಟ್ಟುಕೊಂಡಿತು. ಮಂಡಿ ಗಟ್ಟಿ, ಉಸಿರು ಗಟ್ಟಿ, ಗಂಟಲಂತೂ ಇಡೀ ಕಣಿವೆಗೆ ಅದೊಂದೇ ಸಾಕು. ಬುದ್ಧಿಯನ್ನು ಮಾತ್ರ ತೂಗಲು ಬರುವುದಿಲ್ಲ. ಔಷಧಿಗೆಂದು ಒಣಗಿಸಿದ ಕರಡಿಯ ಪಿತ್ತಕೋಶವನ್ನು ನನ್ನ ಅಂಗಡಿಗೆ ತಂದು, ನಾನು ಹೇಳಿದ ಬೆಲೆಗೆ ತಲೆಯಾಡಿಸಿ ಹೋಗುವ ಮನುಷ್ಯ. ಚೌಕಾಸಿ ಮಾಡದವನಿಗೆ ಟೋಪಿ ಹಾಕುವುದರಲ್ಲಿ ಏನೂ ಮಜಾ ಇಲ್ಲ.

ಉತ್ತರ ಜಪಾನಿನ ಅಕಿತಾ ಸೀಮೆಯ ಈ ಬೆಟ್ಟಗಳಲ್ಲಿ ಕರಡಿ ಬೇಟೆಯವರನ್ನು ಮತಗಿ ಎನ್ನುತ್ತಾರೆ. ಯಸೊಕಿಚಿಯ ಮನೆತನದವರು ತಲೆತಲಾಂತರದಿಂದ ಕೋವಿ ಹಿಡಿದು ಬೆಟ್ಟದ ನೆತ್ತಿಯಲ್ಲಿ ಕಾಯುವವರು. ಕೆಳಗಿನಿಂದ ಕೂಗುತ್ತ ಕರಡಿಯನ್ನು ಮೇಲಕ್ಕೆ ಅಟ್ಟುವ ಸೋವಿನ ಕೆಲಸ ಹುಡುಗರದ್ದು. ಅರವತ್ತೈದು ದಾಟಿದ ಯಸೊಕಿಚಿ ಆ ಹುಡುಗರ ಕೆಲಸಕ್ಕೆ ಇಳಿದಿದ್ದ. ಕಾರಣ ಒಂದು ಹೊಳೆ.

ಹಿಮ ಕರಗಿ ಬಂದ ನೀರನ್ನು ದಾಟುವಾಗ ಕೋವಿಗಳನ್ನು ಕೈಯಿಂದ ಕೈಗೆ ದಾಟಿಸುವುದು ನಮ್ಮವರ ರೂಢಿ. ಕೆಲವು ವರ್ಷಗಳ ಹಿಂದೆ ಯಸೊಕಿಚಿ ತನ್ನ ಕೋವಿಯನ್ನು ಮೂಟೆ ಹೊರಲು ಬಂದಿದ್ದ ಭಾವಮೈದುನನ ಕೈಗಿತ್ತು ನೀರಿಗಿಳಿದ. ಆಚೆ ದಡದಲ್ಲಿ ಕಾನ್‌ಸ್ಟೇಬಲ್ ಓನೊದೆರಾ ರಜೆ ಹಾಕಿ ಮೀನಿಗೆ ಗಾಳ ಬಿಟ್ಟು ಕೂತಿದ್ದ. ಭಾವಮೈದುನನಿಗೆ ಪರವಾನಗಿ ಇರಲಿಲ್ಲ. ಒಬ್ಬನ ಹೆಸರಿನ ಕೋವಿಯನ್ನು ಪರವಾನಗಿ ಇಲ್ಲದವರು ಮುಟ್ಟುವಂತಿಲ್ಲ, ಹೆಂಡತಿ ಅದರ ಧೂಳು ಒರೆಸುವಂತೆಯೂ ಇಲ್ಲ. ಓನೊದೆರಾ ಗಾಳ ಎತ್ತಿಟ್ಟ, ಬಹಳ ಬೇಸರದಿಂದ ಸೊಂಟ ಬಗ್ಗಿಸಿ ವಂದಿಸಿದ, ಕೋವಿ ತೆಗೆದುಕೊಂಡು ಹೋದ.

ಹಾಗೆ ಪರವಾನಗಿ ಕಳೆದುಕೊಂಡವರು ವರ್ಷಗಟ್ಟಲೆ ಕಾದು ಮತ್ತೆ ಕೇಳಬಹುದು. ನಾನು ಹೇಳುತ್ತಿರುವ ವಸಂತದಲ್ಲಿ ಯಸೊಕಿಚಿಯ ಅರ್ಜಿ ಠಾಣೆಯಲ್ಲಿತ್ತು. ವೈದ್ಯರ ಪರೀಕ್ಷೆ ಮುಗಿದಿತ್ತು. ಕೋವಿಗೆಂದು ಕಬ್ಬಿಣದ ಪೆಟ್ಟಿಗೆಯೊಂದನ್ನು ಗೋಡೆಗೆ ಬಿಗಿದಾಗಿತ್ತು, ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಓನೊದೆರಾ ಮನೆಮನೆಗೆ ಬಂದು ಇವನ ನಡತೆ ವಿಚಾರಿಸಿದ. ಕುಡಿದು ಹೆಂಡತಿಗೆ ಹೊಡೆಯುವುದುಂಟೇ ಎಂದು ಯಸೊಕಿಚಿಯ ಹೆಂಡತಿ ಕಿನೂವನ್ನೇ ಕೇಳಿದಾಗ ಆಕೆ, "ಅವ್ರು ಹೊಡಿಯೋದಾ? ನಮ್ಮನೇಲಿ ಅದು ನನ್ ಕೆಲ್ಸ," ಎಂದಳಂತೆ. ಯಸೊಕಿಚಿ ಮಾತ್ರ ಆ ಖಾಲಿ ಪೆಟ್ಟಿಗೆಯನ್ನು ದಿನಾ ಒರೆಸಿಡುತ್ತಿದ್ದ. ಈ ಸಲ ಸಿಗದಿದ್ದರೆ ಇನ್ನೊಮ್ಮೆ ಕೇಳುವ ವಯಸ್ಸಲ್ಲ.

ಏಪ್ರಿಲ್‌ನಲ್ಲಿ ಕರಡಿಗಳು ಗವಿ ಬಿಟ್ಟವು. ಬೇಟೆಯ ನಾಯಕ ತೊಮೆಗೊರೊ ಹೊಸ ಜೋಡುನಳಿಗೆ ಕೋವಿ ಕೊಂಡಿದ್ದ ನನ್ನ ತಮ್ಮ ಶಿಗೆಹಾರುವನ್ನು ನೆತ್ತಿಯ ನಡುವೆ ನಿಲ್ಲಿಸಿದ. ಯಸೊಕಿಚಿ ಕೆಳಗೆ ಸೋವಿಗೆ. ಅವನ ಕೈಯಲ್ಲಿ ಒಂದು ದೊಣ್ಣೆ, ಸೊಂಟದಲ್ಲಿ ಅಪ್ಪನ ಕಾಲದ ನಾಗಾಸಾ ಕತ್ತಿ. ಆ ಕತ್ತಿಯ ಹಿಡಿ ಕೊಳವೆಯಂತೆ ಟೊಳ್ಳು. ದೊಣ್ಣೆಯ ತುದಿಯನ್ನು ಅದರೊಳಗೆ ತುರುಕಿದರೆ ಈಟಿ. ಹೊರಡುವಾಗ ಶಿಗೆಹಾರು ಅವನನ್ನು ಕೆಣಕಿದ. "ಅಜ್ಜ, ಅದ್ರಲ್ಲಿ ಮೂಲಂಗಿ ಹೆಚ್ತೀಯಾ?"

ಯಸೊಕಿಚಿ, "ನೀನು ಹೊಡ್ದ್ರೆ ಮೂಲಂಗಿಗೆ. ಇಲ್ದಿದ್ರೆ ಕರಡಿಗೆ," ಎಂದ.

ಅವನ ಕೂಗಿಗೆ ಗಂಡು ಕರಡಿಯೊಂದು ಎದ್ದು ಹಿಮದ ಮೇಲೆ ಕಪ್ಪು ಬಂಡೆ ಉರುಳಿದಂತೆ ಮೇಲಕ್ಕೆ ಓಡಿತು. ಶಿಗೆಹಾರು ಹೊಡೆದ. ಕರಡಿ ಮಗುಚಿ ಬಿತ್ತು. ಪ್ರಾಣಿ ಸತ್ತಾಗ ಹೊಡೆದವನು "ಶೋಬು!" ಎಂದು ಕೂಗುವುದು ನಮ್ಮಲ್ಲಿ ಪದ್ಧತಿ. ಆ ಕೂಗು ಕೇಳಿದೊಡನೆ ಸೋವು ನಿಲ್ಲುತ್ತದೆ, ಉಳಿದವರು ತೋಟಾ ಹೊರತೆಗೆದು ಕೋವಿ ಹೆಗಲಿಗೇರಿಸುತ್ತಾರೆ. ಮೊದಲ ಕರಡಿಯ ಹುಮ್ಮಸ್ಸಿನಲ್ಲಿ ನನ್ನ ತಮ್ಮ ಅದರ ಉಸಿರು ನೋಡುವ ಮೊದಲೇ ಕೂಗಿಬಿಟ್ಟ. ಕಣಿವೆಯಲ್ಲಿದ್ದ ಕೋವಿಗಳೆಲ್ಲ ಖಾಲಿಯಾದವು. ಆಮೇಲೆ ಕರಡಿ ಎದ್ದಿತು.

ಅದರ ಭುಜದ ಮೂಳೆ ಒಡೆದಿತ್ತು, ಅಷ್ಟೆ. ಒಂದೇ ನೆಗೆತಕ್ಕೆ ಶಿಗೆಹಾರುವನ್ನು ಕೆಡವಿ ಮುಖಕ್ಕೆ ಬಾಯಿ ಹಾಕಿತು. ಕೆಳಗಿದ್ದ ಯಸೊಕಿಚಿಗೆ ಮೊದಲು ಕೇಳಿಸಿದ್ದು ದವಡೆ ಮುರಿದ ಸದ್ದು. ಹಸಿ ಕೊಂಬೆ ಲಟಕ್ಕೆಂದ ಹಾಗೆ ಎಂದು ಆಮೇಲೆ ಹೇಳಿದ. ಏರು ಹತ್ತುತ್ತಲೇ ಕತ್ತಿಯನ್ನು ದೊಣ್ಣೆಗೆ ತುರುಕಿಕೊಂಡ. ಮೇಲೆ ಬರುವಷ್ಟರಲ್ಲಿ ನನ್ನ ತಮ್ಮನ ನೆತ್ತಿಯ ಚರ್ಮ ಹಣೆಯ ಮೇಲೆ ಜೋತಾಡುತ್ತಿತ್ತು, ಹಿಮ ಕೆಂಪು ಕೆಸರಾಗಿತ್ತು. ಕೋವಿ ಯಸೊಕಿಚಿಯ ಕಾಲ ಬುಡದಲ್ಲೇ ಬಿದ್ದಿತ್ತು. ಎರಡನೇ ನಳಿಗೆಯ ತೋಟಾ ಇನ್ನೂ ಒಳಗಿತ್ತು.

ಅವನು ಅದನ್ನು ದಾಟಿ ಹೋದ.

ಯಾಕೆ ಎತ್ತಿಕೊಳ್ಳಲಿಲ್ಲ ಎಂದು ನಾನೇ ಒಮ್ಮೆ ಕೇಳಿದ್ದೇನೆ. "ಕರಡಿಗೂ ನಿನ್ ತಮ್ಮನಿಗೂ ಮಧ್ಯೆ ಬೆರಳು ತೂರೋ ಜಾಗ ಇರ್ಲಿಲ್ಲ. ಗುಂಡು ಇಬ್ರನ್ನೂ ದಾಟ್ಕೊಂಡ್ ಹೋಗೋದು," ಎಂದ. ಎದ್ದು ಹೊರಡುತ್ತ, "ಅರ್ಜಿ ನೆನಪಾಗಿದ್ದೂ ಹೌದು," ಎಂದ.

ಈಟಿಯನ್ನು ಕರಡಿಯ ಕಂಕುಳಿಗೆ ತಿವಿದ. ಅದು ನನ್ನ ತಮ್ಮನನ್ನು ಬಿಟ್ಟು ತಿರುಗಿ ಇವನ ತಲೆಗೆ ಬೀಸಿತು. ಎಡಗಿವಿ ಅರ್ಧ ಹೋಯಿತು, ಕೆನ್ನೆ ಸೀಳಿತು. ಯಸೊಕಿಚಿ ಮಂಡಿಯೂರಿ ದೊಣ್ಣೆಯ ಹಿಂದುದಿಯನ್ನು ನೆಲಕ್ಕೊತ್ತಿ ಹಿಡಿದ. ಕರಡಿ ಮೇಲೆರಗಿತು, ತನ್ನ ಭಾರಕ್ಕೆ ತಾನೇ ಕತ್ತಿಯ ಮೇಲೆ ಇಳಿಯಿತು. ಬಿಸಿ ರಕ್ತ ಅವನ ತೋಳಿನೊಳಕ್ಕೆ ಸುರಿಯಿತು. ಅದರ ಬಾಯಿ ಅವನ ಮೂಗಿನ ಹತ್ತಿರ ಬಂದು, ಹಲ್ಲು ಕಟಕಟಿಸಿ, ಅಲ್ಲೇ ನಿಂತಿತು. ಈ ಸಲ ಯಾರೂ ಕೂಗಲಿಲ್ಲ.

ಕರಡಿಯಡಿಯಿಂದ ಹೊರಬರುವಾಗ ಅವನಿಗೆ ಕಂಡದ್ದು ಶಿಗೆಹಾರುವಿನ ಕೈ. ರಕ್ತ ಕಣ್ಣು ಮುಚ್ಚಿತ್ತು, ಕರಡಿ ಸತ್ತದ್ದು ಅವನಿಗೆ ಗೊತ್ತಿರಲಿಲ್ಲ. ತಡಕಾಡಿ ಕೋವಿ ಹಿಡಿದಿದ್ದ. ನಳಿಗೆ ಒಮ್ಮೆ ಯಸೊಕಿಚಿಯ ಕಡೆಗೆ, ಒಮ್ಮೆ ಏರು ಹತ್ತಿ ಬರುತ್ತಿದ್ದವರ ಕಡೆಗೆ ತಿರುಗುತ್ತಿತ್ತು, ಬೆರಳು ಟ್ರಿಗರನ್ನು ಹುಡುಕುತ್ತಿತ್ತು. ಯಸೊಕಿಚಿ ಕೋವಿ ಕಿತ್ತುಕೊಂಡು ನಳಿಗೆ ಬಗ್ಗಿಸಿ ತೆರೆದು ತೋಟಾ ತೆಗೆದ. ಅದನ್ನು ನನ್ನ ತಮ್ಮನ ಜೇಬಿಗೆ ಹಾಕಿ ಜೇಬಿನ ಗುಂಡಿಯನ್ನೂ ಹಾಕಿದ. ಆಮೇಲೆ ನೇತಾಡುತ್ತಿದ್ದ ನೆತ್ತಿಯ ಚರ್ಮವನ್ನು ಸ್ವಸ್ಥಾನಕ್ಕೆ ಎಳೆದು ತನ್ನ ತಲೆವಸ್ತ್ರದಿಂದ ಬಿಗಿದ.

ಇಳಿಯುವ ದಾರಿಯುದ್ದಕ್ಕೂ ತೊಮೆಗೊರೊ ಒಂದೇ ಮಾತು ಹೇಳುತ್ತ ಬಂದ. ತೋಟಾ ತೆಗೆದದ್ದು ನಾನೆಂದು ಹೇಳುತ್ತೇನೆ, ನನಗೆ ಪರವಾನಗಿ ಇದೆ, ನೀನು ಬಾಯಿ ಮುಚ್ಚಿಕೊಂಡಿರು ಎಂದು. ಯಸೊಕಿಚಿ ನನ್ನ ತಮ್ಮನ ಕಾಲ ಕಡೆ ಹೊತ್ತಿದ್ದ, ಉಸಿರು ಅದಕ್ಕೇ ಸರಿಹೋಯಿತು.

ಸುದ್ದಿ ತಿಳಿದು ನಾನೂ ಆಸ್ಪತ್ರೆಗೆ ಓಡಿದ್ದೆ. ಅಲ್ಲಿ ಯಸೊಕಿಚಿಯ ಕಿವಿಗೆ ಹೊಲಿಗೆ ಹಾಕುತ್ತಿರುವಾಗಲೇ ಓನೊದೆರಾ ಬಂದ. ಬೇಟೆಯಲ್ಲಿ ಮನುಷ್ಯನಿಗೆ ಪೆಟ್ಟಾದರೆ ಕೋವಿಯ ಲೆಕ್ಕ ಕೇಳಲೇಬೇಕು. ಕೋವಿ ಖಾಲಿ ಮಾಡಿದವರು ಯಾರೆಂದು ಕೇಳಿದ. ತೊಮೆಗೊರೊ ಬಾಯಿ ತೆರೆಯುವ ಮೊದಲೇ ಯಸೊಕಿಚಿ, "ನಾನು ಮುಟ್ದೆ. ಎರಡೂ ಕೈಲಿ," ಎಂದ.

ಓನೊದೆರಾ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದ. "ಯಸೊಕಿಚಿ-ಸಾನ್, ನಿಮ್ ಕಿವಿಗೆ ಪೆಟ್ಟಾಗಿದೆ. ನಾನು ಕೇಳಿದ್ದು ಸರಿಯಾಗಿ ಕೇಳಿಸ್ಲಿಲ್ವೇನೋ. ನಾಯಕರು ಏನೋ ಹೇಳೋದ್ರಲ್ಲಿದ್ರು."

"ಇನ್ನೊಂದ್ ಕಿವಿ ಪೂರ್ತಿ ಇದೆ, ಸಾಹೇಬ್ರೆ."

ತೊಮೆಗೊರೊ ಹೊರಗೆ ಬಂದು ಬೈದ. ಯಸೊಕಿಚಿ ತಾಳ್ಮೆಯಿಂದ ಹೇಳಿದ: "ನಿನ್ ತಮ್ಮನ ಜೇಬಿನ ಗುಂಡೀಲಿ ನನ್ ಬೆರಳಿನ ರಕ್ತ ಇದೆ. ಸುಳ್ಳು ಸಿಕ್ಕಿಬಿದ್ರೆ ನಿನ್ ಕೋವಿನೂ ಹೋಗತ್ತೆ. ಆಮೇಲೆ ಊರಲ್ಲಿ ಕರಡಿ ಮಾತ್ರ ಉಳಿಯತ್ತೆ." ಮೊದಲ ಮಾತು ನನಗೆ, ಎರಡನೆಯದು ತೊಮೆಗೊರೊಗೆ.

ಅರ್ಜಿಗೆ ಠಾಣೆಯವರು ನೇರವಾಗಿ ಇಲ್ಲ ಎನ್ನಲಿಲ್ಲ. ಓನೊದೆರಾ ಮನೆಗೆ ಬಂದು, ಕಿನೂ ಕೊಟ್ಟ ಚಹಾ ಕುಡಿದು, ಅರ್ಜಿಯನ್ನು ತಾವೇ ಹಿಂದಕ್ಕೆ ಪಡೆದರೆ ಎಲ್ಲರಿಗೂ ಒಳ್ಳೆಯದೆಂದು ತಲೆ ತಗ್ಗಿಸಿ ಚಾಪೆಗೆ ಹೇಳಿದ. ಯಸೊಕಿಚಿ ಹಿಂದಕ್ಕೆ ಪಡೆದ. ಕಬ್ಬಿಣದ ಪೆಟ್ಟಿಗೆಯಲ್ಲಿ ಈಗ ಕಿನೂ ಹೊಗೆ ಹಾಕಿ ಉಪ್ಪಿನಲ್ಲಿ ಊರಿಸಿದ ಮೂಲಂಗಿ ಇಡುತ್ತಾಳೆ. ಅಷ್ಟು ಭದ್ರವಾದ ಉಪ್ಪಿನಕಾಯಿ ಈ ಜಿಲ್ಲೆಯಲ್ಲೇ ಇಲ್ಲ. ಅವನು ಪ್ರತಿ ವಸಂತದಲ್ಲೂ ದೊಣ್ಣೆ ಹಿಡಿದು ಸೋವಿಗೆ ಹೋಗುತ್ತಾನೆ, ನೆತ್ತಿಯ ಕಡೆ ನೋಡುವುದಿಲ್ಲ.

ಶಿಗೆಹಾರುವಿಗೆ ಒಂದು ಕಣ್ಣಿಲ್ಲ. ಸೊಟ್ಟ ದವಡೆಯಲ್ಲಿ ಅನ್ನ ನಿಲ್ಲುವುದಿಲ್ಲ, ಹೆಂಡತಿಯ ಮೇಲೆ ರೇಗುತ್ತಾನೆ, ನನ್ನ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ಹೆದರಿಸುತ್ತಾನೆ. ಆದರೂ ಒಬ್ಬ ತಮ್ಮನನ್ನು ಉಳಿಸಿಕೊಟ್ಟದ್ದಕ್ಕೆ ಯಸೊಕಿಚಿಗೆ ನಾನು ಸಾಲಗಾರ.