ರಾಕೆಟ್ಟಿನವರಿಗೆ ಕಟ್ಟಿದ ಟಗರು

ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಸ್ಕೂಟರಿಗೆ ಒಂದು ಟಗರು ಕಟ್ಟಿತ್ತು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವಳು ನಾನು. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಅಷ್ಟರಲ್ಲಿ ಮನೆಯ ಒಡತಿ ಪುಟ್ಟತಾಯಮ್ಮ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬಂದರು.

"ನಿಮ್ಮೂರಿನ ರಾಕೆಟ್ಟೋರು ಬತ್ತಾವ್ರೆ ಅಂದ್ರಲ್ಲ ಟೀಚರಮ್ಮ, ಅದ್ಕೇಯಾ ತರಿಸ್ದೆ."

"ಅಮ್ಮಾರ, ಅವರೊಳಗ ಮುಕ್ಕಾಲು ಮಂದಿ ತಿನ್ನೂದಿಲ್ರಿ."

"ತಿನ್ನಾಕಿಲ್ವಾ! ಅಂಗಾರೆ ರಾಕೆಟ್ನ ಎಂಗೆ ಮ್ಯಾಕೆತ್ತಾರು?"

ಬಿಜಾಪುರದ ಕಡೆ, ನಮ್ಮೂರು ಇಂಡಿಯಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮಗೆ ನಗು ಬರಬಹುದು. ನನಗೆ ಬರಲಿಲ್ಲ. ಗಣಿತದ ಟೀಚರಾಗಿ ಈ ಸೀಮೆಗೆ ಬಂದವಳು ನಾನು. ಮೊದಲು ನಾಗಮಂಗಲದ ಹೊಣಕೆರೆ, ಆಮೇಲೆ ಕೆ.ಆರ್.ಪೇಟೆ, ಈಗ ಪಾಂಡವಪುರ. ವಾಸ ಪಕ್ಕದ ಕ್ಯಾತನಹಳ್ಳಿಯಲ್ಲಿ. ನಮ್ಮಲ್ಲಿ ನಲ್ಲಿಯಲ್ಲಿ ನೀರು ಬಂದ ದಿನ ಓಣಿಗೆ ಓಣಿಯೇ ಎದ್ದು ಕೂರುತ್ತದೆ. ಇಲ್ಲಿ ನಾಲೆ ತುಂಬ ನೀರು ರಸ್ತೆ ಪಕ್ಕದಲ್ಲೇ ಹರಿಯುತ್ತದೆ, ಎಮ್ಮೆ ತೊಳೆಯುವವರು ಬಿಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ನಾವು ಮಾತಿಗೊಂದು 'ರೀ' ಹಚ್ಚುತ್ತೇವೆ, ಇಲ್ಲಿ ಗೆಳೆತನ ಗಟ್ಟಿಯಾದಷ್ಟೂ 'ಲೇ' ಗಟ್ಟಿಯಾಗುತ್ತದೆ. ಮೊದಮೊದಲು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಮಾತಾಡಿದರೆ ಹೊಡೆದಾಡುತ್ತಿದ್ದಾರೆ ಎಂದು ನಾನು ದೂರ ಸರಿದು ನಿಲ್ಲುತ್ತಿದ್ದೆ.

ಊಟದ ಕಥೆ ಬೇರೆ. ಶ್ರೀರಂಗಪಟ್ಟಣದ ಅಂಗಡಿಯವನೊಬ್ಬನನ್ನು ಕಾಡಿ ಬೇಡಿ ಬಿಳಿಜೋಳ ತರಿಸಿಕೊಂಡದ್ದು ನನ್ನ ಮೊದಲ ಗೆಲುವು. ಗಿರಣಿಯವನು ರಾಗಿ ಬೀಸಿದ ಕಲ್ಲಿನಲ್ಲೇ ಅದನ್ನೂ ಬೀಸಿ ಕೊಟ್ಟ. ರೊಟ್ಟಿ ಕಂದುಬಣ್ಣಕ್ಕೆ ತಿರುಗಿತು. ಒಬ್ಬಳೇ ಕೂತು ತಿಂದೆ, ತಿನ್ನುತ್ತಾ ಅತ್ತೆ. ಇಷ್ಟು ವರ್ಷದಲ್ಲಿ ಇಂಡಿಯ ಕಡೆಯ ಒಂದು ಜೀವವೂ ನನ್ನ ಮನೆಯ ಹೊಸ್ತಿಲು ದಾಟಿಲ್ಲ. ನಮ್ಮ ಮಂದಿ ಒಮ್ಮೆ ಬಂದು ನನ್ನ ಪಡಸಾಲೆಯಲ್ಲಿ ಕೂತು ಉಣ್ಣಬೇಕು, ನನಗೆ ಬೇಕಾಗಿದ್ದದ್ದು ಇಷ್ಟೇ.

ಅದಕ್ಕೇ ಇಂಡಿಯಲ್ಲಿ ನಾನು ಕಲಿತ ಸ್ಕೂಲಿನ ಹಳೇ ವಿದ್ಯಾರ್ಥಿಗಳು ಕೂಡುವ ಮಾತು ಬಂದಾಗ ನಾನು ಕುಣಿದಾಡಿ ಒಪ್ಪಿಕೊಂಡೆ. ನಮ್ಮ ಕ್ಲಾಸಿನ ಸಂಗಮೇಶ ಹೊರದೇಶದಲ್ಲಿ ಉಪಗ್ರಹ ಮಾಡುವ ಕಂಪನಿಯಲ್ಲಿದ್ದಾನೆ. ಬೆಂಗಳೂರಿನಲ್ಲಿ ನಡೆಯುವ ಬಾಹ್ಯಾಕಾಶ ಉದ್ಯಮದ ದೊಡ್ಡ ಸಮ್ಮೇಳನಕ್ಕೆ ಅವನು ಬರುವವನಿದ್ದ. ಸಮ್ಮೇಳನ ಮುಗಿದ ಮರುದಿನ, ಭಾನುವಾರ, ಎಲ್ಲರೂ ನಮ್ಮ ಮನೆಗೆ ಊಟಕ್ಕೆ, ಸಂಜೆ ತೊಣ್ಣೂರು ಕೆರೆಗೆ ಎಂದು ಗ್ರೂಪಿನಲ್ಲಿ ಹಾಕಿದೆ. ಹೆಬ್ಬೆರಳುಗಳು ಸಾಲಾಗಿ ಎದ್ದವು. ಎಷ್ಟು ಜನ ಬರುತ್ತೀರಿ ಎಂದು ಕೇಳಿದೆ. ಅದಕ್ಕೂ ಹೆಬ್ಬೆರಳು!

ಪುಟ್ಟತಾಯಮ್ಮನಿಗೆ ಇದು ಅರ್ಥವೇ ಆಗಲಿಲ್ಲ. "ಪೋನಲ್ಲಿ ಕರುದ್ರೆ ಅದೂ ಒಂದು ಕರೆಯಾ? ಬಾಗ್ಲಿಗೋಗಿ ಕರೀಬೇಕು" ಎಂದರು. ಎಂದವರು ಸುಮ್ಮನಿರಲಿಲ್ಲ. ಟೀಚರಮ್ಮನ ಕಡೆಯವರು ಬರುತ್ತಾರೆ, ನೀವೂ ಬನ್ನಿ ಎಂದು ಬೀದಿಯ ಒಂದೊಂದು ಬಾಗಿಲಿಗೂ ತಾವೇ ಹೋಗಿ ಕರೆದು ಬಂದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಟಗರು ಬಂದದ್ದು ಅದರ ಮರುದಿನ. ನಾನು ಎಣ್ಣೆಗಾಯಿ, ಶೇಂಗಾ ಚಟ್ನಿ, ರೊಟ್ಟಿ ಎಂದು ಲೆಕ್ಕ ಹಾಕುತ್ತಿದ್ದರೆ ಇವರು ಅಂಗಳದಲ್ಲಿ ಒಲೆಗೆ ಗುಂಡಿ ತೋಡಿಸುತ್ತಿದ್ದರು. ಬಾಡಿಲ್ಲದ ಊಟಕ್ಕೆ ಕರೆದರೆ ಕರೆದವರ ಮಾನ ಹೋಗುತ್ತದೆಯಂತೆ.

ಇದರ ಜೊತೆ ಜಗ್ಗಾಡಿ ಸಾಕಾಗಿದ್ದಾಗ, ಶುಕ್ರವಾರ, ಗ್ರೂಪಿನಲ್ಲಿ ಸಂಗಮೇಶನ ದನಿ ಬಂತು. "ನಂದು ರವಿವಾರ ಮುಂಜಾನೆನ ಫ್ಲೈಟ್ ಐತಿ. ಶನಿವಾರ ಸಂಜೀಕ ಸಮ್ಮೇಳನದ ಹೋಟೆಲ್‌ನ್ಯಾಗ ಒಂದು ಹಾಲ್ ಸಿಕ್ಕೈತಿ. ಎಲ್ಲಾರೂ ಅಲ್ಲೇ ಬರ್ರಿ." ಮತ್ತೆ ಹೆಬ್ಬೆರಳುಗಳು. ಅವೇ ಹೆಬ್ಬೆರಳುಗಳು! ಭೂಮಿಯಿಂದ ನೂರಾರು ಮೈಲಿ ಮೇಲಿನ ಲೆಕ್ಕ ಇಡುವವನಿಗೆ ಬೆಂಗಳೂರಿನಿಂದ ಕ್ಯಾತನಹಳ್ಳಿ ದೂರವಾಯಿತು. ನನ್ನ ಜೀವದ ಗೆಳತಿ ಕಸ್ತೂರಿ ಕೂಡ ಇಂಡಿಯಿಂದ ನೇರ ಬೆಂಗಳೂರಿಗೇ ರೈಲು ಹತ್ತಿದಳು.

ಶನಿವಾರ ನಾನೂ ಹೊರಟೆ. ಪುಟ್ಟತಾಯಮ್ಮ ಗೇಟಿನಲ್ಲಿ ನಿಂತು, "ಅವ್ರೇ ಬರಾಕಿಲ್ಲ ಅಂದ್ಮೇಲೆ ನೀವ್ಯಾಕೆ ಹೋಯ್ತೀರಿ? ನಾಳೆಗೆ ಇಲ್ಲಿ ಕೆಲ್ಸ ಬಿದ್ದೈತೆ" ಎಂದರು. ನಾನು ಕೇಳಿಸದವಳಂತೆ ರೊಟ್ಟಿಯ ಗಂಟು ಎತ್ತಿಕೊಂಡು ಬಸ್ಸು ಹತ್ತಿದೆ.

ಹೋಟೆಲಿನ ಬಾಗಿಲಲ್ಲೇ ರೊಟ್ಟಿಯ ಗಂಟನ್ನು ತಡೆದರು, ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಒಳಗೆ ಉಪಗ್ರಹದ ಮಾದರಿಗಳು, ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡ ಜನ. ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದ ನಮ್ಮವರು ಒಂದು ಮೂಲೆಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಸಂಗಮೇಶ ಬಂದ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಂಡ, ಯಾರೋ ಕರೆದರೆಂದು ಹೋದ. ಹೋದವನು ಬರಲೇ ಇಲ್ಲ. ನಮ್ಮ ಸಮ್ಮಿಲನ ಅಷ್ಟೇ.

ನನಗೆ ತಡೆಯಲಾಗಲಿಲ್ಲ. "ನಮ್ಮೂರಿಗೆ ಬರ್ರಿ ಅಂತ ಎಷ್ಟು ಹೇಳಿದೆ! ಅಲ್ಲಿ ಟಗರು ಕಟ್ಟಿ ಕಾಯಾಕತ್ತಾರ ನಿಮ್ಮನ್ನ. ಮಾತು ಕೊಟ್ಟಮ್ಯಾಲ ನಮ್ಮೂರಾಗ ಯಾರೂ ಹಿಂಗ ಮಾಡಂಗಿಲ್ಲ" ಎಂದು ಕೂಗಾಡಿದೆ.

ಕಸ್ತೂರಿ ಕಣ್ಣರಳಿಸಿ ಕೇಳಿದಳು, "ನಿಮ್ಮೂರಂದ್ರ ಯಾವೂರವ್ವಾ? ಇಂಡ್ಯಾಗ ಯಾರು ಟಗರು ಕಟ್ಯಾರ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಭಾನುವಾರ ಮಧ್ಯಾಹ್ನ ಕ್ಯಾತನಹಳ್ಳಿಗೆ ಮರಳಿದಾಗ ನನ್ನ ಮನೆಯ ಮುಂದೆ ಶಾಮಿಯಾನ, ಬೀದಿಯವರೆಲ್ಲ ಊಟಕ್ಕೆ ಕೂತಿದ್ದಾರೆ. ಕರೆದ ಮೇಲೆ ಕರೆದದ್ದೇ ಎಂದು ಪುಟ್ಟತಾಯಮ್ಮ ಊಟ ನಿಲ್ಲಿಸಿರಲಿಲ್ಲ. ನಾನು ಹಾಗೇ ವಾಪಸ್ಸು ತಂದ ಗಂಟಿನಿಂದ ಒಂದು ರೊಟ್ಟಿ ಮುರಿದು ಬಾಯಿಗಿಟ್ಟ ಎದುರುಮನೆಯ ಚಿಕ್ಕೇಗೌಡರು, "ಅಪ್ಪಳ ಇದ್ದಂಗದೆ" ಎಂದರು. ಆಮೇಲೆ, "ಅಲ್ಲಾ, ಬಿಜಾಪುರದೋರು ಮಾತ್ಗೆ ನಿಲ್ಲಾಕಿಲ್ಲ ಅನ್ನಿ" ಎಂದೂ ಸೇರಿಸಿದರು.

ಹಿಂದಿನ ಸಂಜೆ ಅದೇ ಜನರನ್ನು ಇದಕ್ಕಿಂತ ಕೆಟ್ಟದಾಗಿ ಬೈದವಳು ನಾನು. ಆದರೂ ಮೈಯೆಲ್ಲ ಉರಿದುಹೋಯಿತು. "ನಮ್ಮ ಮಂದಿಗೆ ಹಂಗೆಲ್ಲಾ ಅನಬ್ಯಾಡ್ರಿ! ಅವರ ತ್ರಾಸ ನಿಮಗೇನು ಗೊತ್ತೈತಿ?" ಎಂದು ಏರಿ ಹೋದೆ. ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿ ನನ್ನನ್ನು ನೋಡಿತು.

ಪುಟ್ಟತಾಯಮ್ಮ ಬಕೀಟು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. ದನಿ ಏರಿಸಲಿಲ್ಲ.

"ಆಯ್ತು ಬುಡಿ ಟೀಚರಮ್ಮ. ನಿಮ್ಮೋರ್ನ ಅಂದ್ರೆ ನಿಮ್ಗೆ ಉರೀತದೆ. ನೆನ್ನೆ ನಮ್ಮುನ್ನ ಬುಟ್ಬುಟ್ಟು ಹೋದ್ರಲ್ಲ, ನಮ್ಗೆ ಉರೀನಿಲ್ವಾ?"

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಅನ್ನದ ಬೇಸಿನ್ ಎತ್ತಿಕೊಂಡು ಬಡಿಸಲು ಹೋದೆ. ಎರಡನೇ ಸಾಲಿನಲ್ಲಿ ಬಡಿಸುತ್ತಿದ್ದಾಗ ಫೋನು ಬಂತು, ಕಸ್ತೂರಿಯದು. ರೈಲು ಹತ್ತುವ ಹೊತ್ತು. ಎತ್ತಬೇಕೆಂದು ಜೀವ ಒದ್ದಾಡಿತು. ಎಲೆ ಮುಂದೆ ಜನ ಕೂತಿದ್ದರು, ಬೇಸಿನ್ ಕೆಳಗಿಡಲಾಗಲಿಲ್ಲ. ಫೋನು ಅಷ್ಟು ಹೊತ್ತು ಬಡಿದುಕೊಂಡು ಸುಮ್ಮನಾಯಿತು.