ಬೆಳ್ಳಿ ಟೆಂಪೋ ಹತ್ತಿದ ದಿನ

ನನ್ನ ಕುರಿ ಬೆಳ್ಳಿಯ ಬೆಲೆ ಎರಡು ಸಾವಿರದ ಇನ್ನೂರು ರೂಪಾಯಿ. ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಹಿಡಿಯಲು ಅಪ್ಪನಿಗೆ ಅಷ್ಟೇ ಕಡಿಮೆ ಬಿದ್ದಿತ್ತು. ಇಂದು ಅದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಗಿರಾಕಿ ಚಾದರ ಮುಟ್ಟುವ ರೀತಿ ನೋಡಿಯೇ ಎಷ್ಟು ಬೆಲೆಯವರೆಗೆ ಬರುತ್ತಾನೆಂದು ಹೇಳಬಲ್ಲೆ. ಆಗ ನನಗೆ ಹತ್ತು ವರ್ಷ. ಅಪ್ಪನ ಮುಖ ಓದಲು ಬರುತ್ತಿರಲಿಲ್ಲ.

ಆ ದಿನಗಳಲ್ಲಿ ನಾವು ಅಕ್ಕಲಕೋಟದ ಕಡೆಯ ಕರಜಗಿಯಲ್ಲಿದ್ದೆವು. ಮನೆಯ ಹಿಂದೆಯೇ ಕುರಿದೊಡ್ಡಿ. ನನ್ನ ಲಂಗಕ್ಕೆ, ಕೂದಲಿಗೆ, ಸಾಲೆಯ ಪಾಟಿಗೂ ಹಿಕ್ಕೆಯ ವಾಸನೆ. ಬೆಳ್ಳಿ ಮರಿಯಾಗಿದ್ದಾಗ ಆಯಿ, ಅಂದರೆ ಅಪ್ಪನ ತಾಯಿ, ಅದರ ಹಣೆಗೆ ನಮ್ಮ ಕುರಿಗಾರರ ದೇವರು ಬಿರೋಬಾನ ಭಂಡಾರದ ಅರಿಶಿನ ಹಚ್ಚಿ ಹಗ್ಗವನ್ನು ನನ್ನ ಕೈಗೆ ಕೊಟ್ಟಿದ್ದಳು. ಹಾಗೆ ಹುಡುಗಿಯೊಬ್ಬಳಿಗೆ ಕೊಟ್ಟ ಕುರಿಯನ್ನು ಅವಳನ್ನು ಕೇಳದೆ ಯಾರೂ ಮಾರುತ್ತಿರಲಿಲ್ಲ. ಖಡಕ್ ರೊಟ್ಟಿಯ ಚೂರು ಹಿಡಿದು "ಬಾ ಬೆಳ್ಳಿ, ಬಾ" ಎಂದರೆ ನನ್ನ ಹಿಂದೆ ಬೆಳ್ಳಿ, ಅದರ ಹಿಂದೆ ಇಡೀ ಹಿಂಡು.

ಹಿಂಡು ಮಾರಿ ಸೊಲ್ಲಾಪುರ ಸೇರುವುದೆಂದು ಅಪ್ಪ ನಿಶ್ಚಯಿಸಿದಾಗ ಆಯಿ ಬೆಳ್ಳಿಯನ್ನು ಮಾತ್ರ ಮಾರದೆ ಉಳಿಸಬೇಕೆಂದಳು. ಅಪ್ಪ ಹೂಂ ಅಂದ. ಹಿಂಡಿಗೆ ದಾರಿ ತೋರಿಸಲು ಬೆಳ್ಳಿ ಬರಲಿ, ಸಂಜೆ ಮೂವರೂ ಹೊಳ್ಳಿ ಬರುತ್ತೇವೆ ಎಂದು ನನ್ನನ್ನೂ ಅಕ್ಕಲಕೋಟದ ಸಂತೆಗೆ ಕರೆದೊಯ್ದ. ಬಿಸಿ ಭಜಿ ಕೊಡಿಸಿದ. ಎಂದೂ ಕೊಡಿಸದವನು ಎರಡನೇ ಪ್ಲೇಟೂ ಕೊಡಿಸಿದ.

ವ್ಯಾಪಾರಿ ಬೆಳ್ಳಿಯ ಬೆನ್ನು ಒತ್ತಿ ನೋಡಿದಾಗ ನಾನು ಅಡ್ಡ ನಿಂತೆ.

"ಇದು ನಂದೈತಿ."

"ಮಾಲಕೀಣಬಾಯಿನ ಬಂದಾರಲ್ರಿ ಮಾಮಾ," ಎಂದು ಅವನು ಅಪ್ಪನ ಕಡೆ ನೋಡಿ ನಕ್ಕ. ಅಪ್ಪನೂ ನಕ್ಕ. ಆಮೇಲೆ ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಾಕಿದರು. ನಮ್ಮ ಕಡೆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಬೆರಳು ಹಿಡಿದು ಹೇಳುತ್ತಾರೆ. ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ನಾನು ಪಕ್ಕದಲ್ಲೇ ಇದ್ದೆ.

ಕುರಿಗಳು ಟೆಂಪೋ ಹತ್ತಲು ಒಲ್ಲೆ ಎಂದವು. ಅಪ್ಪ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ನೀ ಕರದರ ಬೆಳ್ಳಿ ಹತ್ತತೈತಿ, ಅದರ ಹಿಂದ ಎಲ್ಲಾ ಹತ್ತತಾವ. ಆಮ್ಯಾಲ ಬೆಳ್ಳೀನ ಇಳಿಸಿಕೊಳ್ಳೂಣವ್ವ."

ನಾನು ಟೆಂಪೋ ಏರಿ ಕರೆದೆ. ಬೆಳ್ಳಿ ಒಂದೇ ನೆಗೆತಕ್ಕೆ ಬಂದು ನನ್ನ ಅಂಗೈ ಮೂಸಿತು. ಉಳಿದವೂ ಬಂದವು. ಅಪ್ಪ ನನ್ನನ್ನು ಎತ್ತಿ ಇಳಿಸಿದ. ನನ್ನನ್ನು ಮಾತ್ರ. ಟೆಂಪೋದ ಹಿಂದಿನ ಫಾಳಕಿ ಬಾಗಿಲು ಹಾಕಿದರು.

ಮನೆಯಲ್ಲಿ ಆಯಿ ಅಪ್ಪನನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಗುರುತಿಲ್ಲದವರ ಗಾಡಿ ಅದು ಹ್ಯಾಂಗ ಹತ್ತಿತೋ?"

ನಾನೇ ಹೇಳಿದೆ: "ನಾ ಕರದ್ನಿ, ಆಯಿ."

ಅಂಗಡಿ ನಡೆಯಿತು. ಅದರಿಂದಲೇ ಉಂಡೆವು, ನನ್ನ ಮದುವೆಯೂ ಆಯಿತು. ಒಂದಕ್ಕೆ ಎರಡು ಕುರಿ ಕೊಡಿಸುತ್ತೇನೆಂದು ಅಪ್ಪ ಬಹಳ ಸಲ ಹೇಳಿದ. ಕೊಡಿಸಿದ್ದರೂ ಏನು ಮಾಡಲಿ? ಅಂದಿನಿಂದ ಅಪ್ಪ ಪ್ರೀತಿಯಿಂದ ಏನು ಕೊಟ್ಟರೂ ಯಾಕೆ ಕೊಟ್ಟನೆಂದು ಮೊದಲು ಲೆಕ್ಕ ಹಾಕುತ್ತೇನೆ. ಆ ಎರಡನೇ ಪ್ಲೇಟು ಭಜಿಯನ್ನು ಅನುಮಾನವಿಲ್ಲದೆ ತಿಂದ ಹುಡುಗಿ ಮತ್ತೆ ಸಿಗಲಿಲ್ಲ.

ನೀವೂ ಹೊಸ ಅಂಗಡಿ ಹಾಕುವವರಿದ್ದರೆ ಕೇಳಿ. ಮನೆಯವರ ವಸ್ತು ಮಾರಲೇಬೇಕಾದರೆ ಅವರನ್ನು ಎದುರು ಕೂರಿಸಿಕೊಂಡು ಯಾಕೆ, ಎಷ್ಟಕ್ಕೆ ಎಂದು ಹೇಳಿ. ಅಳಲಿ, ಬೈಯಲಿ, ಎರಡು ದಿನ ಊಟ ಬಿಡಲಿ. ಅಪ್ಪ ಕೇಳಿದ್ದರೆ ನಾನೂ ಅತ್ತು, ಕೊನೆಗೆ ಕೊಡುತ್ತಿದ್ದೆ. ಟವೆಲ್ಲನ್ನು ಸಂತೆಯಲ್ಲೇ ಬಿಟ್ಟು ಮನೆಗೆ ಬನ್ನಿ.