ಮಹಡಿಯಿಂದ ಕಂಡ ಪರದೆ

ಅತ್ತೆ, ನಿಮ್ಮ ಮನಸ್ಸನ್ನು ಓದುವ ಶಕ್ತಿ ನನಗೆ ಯಾವತ್ತೂ ಇರಲಿಲ್ಲ. ನಾನು ಓದುತ್ತಿದ್ದುದು ನಿಮ್ಮ ಕಂಪ್ಯೂಟರಿನ ಪರದೆಯನ್ನು — ಕದ್ದು, ಮಹಡಿಯ ಮೇಲೆ ಕೂತು, ನಿಮಗೆ ಸುಳ್ಳು ಹೇಳಿ.

ಮುಳಬಾಗಿಲಿನ ನಮ್ಮ ಮನೆಗೆ ಕಂಪ್ಯೂಟರು ಬಂದ ವರ್ಷ ನಿಮಗೆ ನೆನಪಿರಬೇಕು. ಬೆಳಿಗ್ಗೆ ಕೋಲಾರಕ್ಕೆ ಹೋಗಿ ಕಂಪ್ಯೂಟರ್ ಪಾಠ ಹೇಳಿ ಬರುತ್ತಿದ್ದ ನನಗೆ ಮನೆಯಲ್ಲೂ ಅದೇ ಹುಚ್ಚು. ಬಲವಾದ ಯಂತ್ರ ಒಂದನ್ನೇ ತಂದು ಮಹಡಿಯ ಕೋಣೆಯಲ್ಲಿಟ್ಟೆ. ಕೆಳಗೆ ಮಕ್ಕಳಿಗೊಂದು, ನಿಮ್ಮ ಮಗನಿಗೊಂದು, ಅಡುಗೆಮನೆ ಪಕ್ಕದ ಪಡಸಾಲೆಯಲ್ಲಿ ನಿಮಗೊಂದು — ಯಾವುದೋ ಆಫೀಸಿನವರು ಬೇಡವೆಂದು ಅಗ್ಗಕ್ಕೆ ಕೊಟ್ಟ ಪುಟ್ಟ ಡಬ್ಬಿಗಳು. ಅವಕ್ಕೆ ಸ್ವಂತ ಬುದ್ಧಿ ಇಲ್ಲ. ಪರದೆ, ಕೀಲಿಮಣೆ, ಮೌಸು, ಅಷ್ಟೇ. ಕೆಲಸವೆಲ್ಲ ಮೇಲಿನದು ಮಾಡಿ ತಂತಿಯಲ್ಲಿ ಕೆಳಗಿಳಿಸುತ್ತಿತ್ತು, ಒಂದೇ ಹಂಡೆಯ ಬಿಸಿನೀರು ಮನೆಮಂದಿಗೆಲ್ಲ ಒದಗುವ ಹಾಗೆ. ಮೇಲಿನದಕ್ಕೆ ತಾಯಿ, ಕೆಳಗಿನವಕ್ಕೆ ಮರಿ ಎಂದು ಹೆಸರಿಟ್ಟವರು ನೀವೇ.

ತಾಯಿಯ ಮುಂದೆ ಕೂತವರು ಯಾವ ಮರಿಯಲ್ಲಿ ಏನು ನಡೆಯುತ್ತಿದೆ ಎಂದು ನೋಡಬಹುದಿತ್ತು. ಕಲಿಸುವವರಿಗೆಂದು ಇದ್ದ ಅನುಕೂಲ ಅದು. ಮೌಸಿನ ಬಾಣ ಪರದೆಯಲ್ಲಿ ಎಲ್ಲೋ ಕಾಣೆಯಾಯಿತೆಂದು ನೀವು ಕೆಳಗಿನಿಂದ ಕೂಗಿದರೆ, ನಾನು ಮೇಲಿನಿಂದಲೇ ಅದನ್ನು ಎಳೆದು ತಂದು ನಿಲ್ಲಿಸುತ್ತಿದ್ದೆ. ನಿಮ್ಮ ನಗು ಮಹಡಿಗೆ ಕೇಳಿಸುತ್ತಿತ್ತು. ಆಮೇಲೆ ಪುಣೆಯಲ್ಲಿದ್ದ ನಿಮ್ಮ ಮಗಳು ರಾಧಳ ಜೊತೆ ಮಧ್ಯಾಹ್ನದ ಹೊತ್ತು ಚಾಟ್ ಮಾಡುವುದನ್ನು ಕಲಿತಿರಿ. ಅವತ್ತೇ ಕೇಳಿದಿರಿ:

“ನಾನು ಬರೆಯೋದೆಲ್ಲ ನಿಂಗೆ ಮೇಲೆ ಕಾಣ್ಸುತ್ತೇನೇ?”

“ನೀವು ಕರೆದಾಗ ಮಾತ್ರ ನೋಡ್ತೀನಿ ಅತ್ತೆ.”

ಹೇಳುವಾಗ ಅದು ನಿಜವಾಗಿತ್ತು. ಒಂದು ವಾರದ ಮಟ್ಟಿಗಾದರೂ... ಇಲ್ಲ, ಅಷ್ಟೂ ಇಲ್ಲ.

ಅಕ್ಷರ ಸಿಗದೆ ಒದ್ದಾಡುತ್ತಿದ್ದೀರೋ ಏನೋ ಎಂದು ಇಣುಕಿದೆ. ಅರ್ಧ ತೆಲುಗು, ಅರ್ಧ ಕನ್ನಡ, ಅಕ್ಷರ ಮಾತ್ರ ಇಂಗ್ಲಿಷಿನವು. ಒಂದೇ ಬೆರಳಿನಲ್ಲಿ ನಿಧಾನವಾಗಿ ಮೂಡುತ್ತಿದ್ದವು. ಅವುಗಳ ನಡುವೆ ನನ್ನ ಹೆಸರು. ಆಗಲೇ ಮುಚ್ಚಬೇಕಿತ್ತು. ಹುಡುಗಿ ಒಳ್ಳೆಯವಳೇ, ಆದರೆ ಬಡಿಸಿಟ್ಟು ಮಹಡಿ ಹತ್ತಿಬಿಡುತ್ತಾಳೆ, ಒಬ್ಬಳೇ ಕೂತು ಉಣ್ಣುವುದು ನನಗೆ ಸೇರುವುದಿಲ್ಲ ಎಂದು ಬರೆದಿರಿ. ಮಾರನೆಯ ದಿನ ನಾನೂ ತಟ್ಟೆ ಹಿಡಿದು ನಿಮ್ಮ ಪಕ್ಕ ಕೂತೆ. ನಿಮ್ಮ ಮುಖ ಅರಳಿದ್ದು — ಅದನ್ನು ನೋಡಿದ ಮೇಲೆ ನಾನು ಕೆಟ್ಟೆ.

ಮಂಡಿನೋವೆಂದು ಬರೆದರೆ ಸಂಜೆಗೆ ಎಣ್ಣೆ ಕಾಸಿ ತರುತ್ತಿದ್ದೆ. ಹೋಳೂರಿನ ಗೆಳತಿಯನ್ನು ನೋಡಬೇಕೆನಿಸುತ್ತದೆ ಎಂದರೆ, ನನಗೇ ಹೊಳೆದಂತೆ, ಭಾನುವಾರ ಹೋಗಿಬರೋಣವೇ ಎಂದು ಕೇಳುತ್ತಿದ್ದೆ. ಬಾಯಿ ಬಿಡುವ ಮೊದಲೇ ನಮ್ಮ ಸೊಸೆಗೆ ಎಲ್ಲ ಗೊತ್ತಾಗುತ್ತದೆ ಎಂದು ಬೀದಿಗೆಲ್ಲ ಸಾರಿದಿರಿ. ಆ ಹೊಗಳಿಕೆಯನ್ನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಜನ ಅದನ್ನು ವಿನಯ ಎಂದುಕೊಂಡರು. ಪ್ರೀತಿ ಸುಳ್ಳಾಗಿರಲಿಲ್ಲ ಅತ್ತೆ. ಆದರೆ ಕೇಳಿ ತಿಳಿಯಬೇಕಾದದ್ದನ್ನು ಕದ್ದು ತಿಳಿದೆ. ಹೇಳಿ ಪಡೆಯುವ ಅಭ್ಯಾಸವನ್ನೇ ನಿಮಗೆ ತಪ್ಪಿಸಿದೆ.

ಆ ಬೇಸಿಗೆಯ ಸಿಡಿಲಿಗೆ ತಾಯಿ ಸುಟ್ಟುಹೋಯಿತು. ಅದರೊಂದಿಗೆ ಮರಿಗಳೆಲ್ಲ ಒಟ್ಟಿಗೇ ಕಣ್ಣು ಮುಚ್ಚಿದವು. ಹೊಸದನ್ನು ತರುವುದು ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ರಾಧ ಫೋನ್ ಮಾಡಿದರೆ ನೀವು ಎಲ್ಲರೆದುರು ಚೆನ್ನಾಗಿದ್ದೀನಿ ಎನ್ನುತ್ತಿದ್ದಿರಿ. ನಾನು ಅದನ್ನೇ ನಂಬಿದೆ. ನಿಮ್ಮ ಮುಖ ನೋಡಿ ತಿಳಿಯುವುದನ್ನು ನಾನು ಕಲಿತೇ ಇರಲಿಲ್ಲವಲ್ಲ!

ಒಂದು ಬೆಳಿಗ್ಗೆ ನಾನು ಕೊಟ್ಟ ಕಾಫಿ ಲೋಟವನ್ನು ಹಿಡಿಯಲು ಹೋಗಿ ನೀವು ಪಕ್ಕದ ಗಾಳಿಯನ್ನು ಹಿಡಿದಿರಿ. ಕೋಲಾರದ ಕಣ್ಣಿನ ಡಾಕ್ಟರು, ಒಳಗೆ ಒತ್ತಡ ಹೆಚ್ಚಾಗಿ ಎಡಗಣ್ಣು ಹೋಗಿದೆ, ಮತ್ತೆ ಬರುವುದಿಲ್ಲ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ನಿಮ್ಮ ಕೈ ಹಿಡಿದು, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸಿಟ್ಟಿನಲ್ಲೇ ಕೇಳಿದೆ.

“ನಾನ್ಯಾಕೆ ಹೇಳ್ಲಿ? ನಿಂಗೇ ಗೊತ್ತಾಗುತ್ತೆ ಅಂತ ಸುಮ್ಮನಿದ್ದೆ ಕಣೇ.”

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅಂದೇ ಎಲ್ಲ ಹೇಳಿಬಿಡುತ್ತಿದ್ದೆನೇನೋ... ಗೊತ್ತಿಲ್ಲ. ನನ್ನ ಕೈಯನ್ನೇ ನೀವು ಸವರಿದಿರಿ. ನಾನು ಸುಮ್ಮನಾದೆ. ಆ ಮೌನ ಇಲ್ಲಿಯವರೆಗೂ ಬಂದಿದೆ.

ಈಗಲೂ ಬಂದವರ ಮುಂದೆಲ್ಲ ಅದೇ ಹೊಗಳಿಕೆ. ಉಳಿದಿರುವ ಕಣ್ಣಿಗೆ ದಿನಾ ಸಂಜೆ ನಾನೇ ಔಷಧಿ ಹಾಕುತ್ತೇನೆ. ಅಷ್ಟು ಹೊತ್ತು ಕಣ್ಣು ಮುಚ್ಚಿ ಮಲಗಿರುತ್ತೀರಿ. ಈ ಕಾಗದದ ಇಷ್ಟು ಸಣ್ಣ ಅಕ್ಷರವನ್ನು ನೀವು ಓದಲಾರಿರಿ, ನಾನೇ ಓದಿ ಹೇಳಬೇಕು. ಇವತ್ತೇ ಓದುತ್ತೇನೆ. ನೀವು ಕಣ್ಣು ಮುಚ್ಚಿರುವಾಗ ಓದುವುದು ಸುಲಭ ಅನ್ನಿಸಿತ್ತು. ಬೇಡ. ಔಷಧಿ ಇಳಿಯಲಿ. ನೀವು ಎದ್ದು ಕೂತು ಕಣ್ಣು ಬಿಟ್ಟ ಮೇಲೆ, ನಿಮಗೆ ನನ್ನ ಮುಖ ಕಾಣುವ ಹಾಗೆ ದೀಪದ ಕೆಳಗೆ ಕೂತು ಓದುತ್ತೇನೆ.